ತವೆವುನಿಯಿಂದ ಬಂದ ತಣ್ಣನೆಯ ಸೀಸೆ

ವಿದ್ಯುತ್ ಎಂದರೆ ಜನರಿಗೆ ಕಂಬ ಮತ್ತು ತಂತಿ ನೆನಪಾಗುತ್ತವೆ. ಟ್ರಾನ್ಸ್‌ಫಾರ್ಮರಿನ ಉಕ್ಕಿನ ತೊಟ್ಟಿಯೊಳಗೆ ಕಣ್ಣಿಗೆ ಬೀಳದೆ ತುಂಬಿಕೊಂಡಿರುವ ಎಣ್ಣೆ ಯಾರಿಗೂ ನೆನಪಾಗುವುದಿಲ್ಲ. ಅದಕ್ಕೆ ಎರಡು ಕೆಲಸ: ಒಳಗಿನ ಸುರುಳಿಗಳ ನಡುವೆ ಕಿಡಿ ಹಾರದಂತೆ ತಡೆಯುವುದು, ಅವುಗಳ ಬಿಸಿಯನ್ನು ಹೊರಗಿನ ಗಾಳಿಗೆ ಸಾಗಿಸುವುದು. ಅದರ ಮುಖ್ಯ ಶತ್ರು ನೀರು. ವರ್ಷದ ಅರ್ಧ ಭಾಗ ಗಾಳಿಯನ್ನೇ ಹಿಂಡಿ ನೀರು ತೆಗೆಯಬಹುದೆನಿಸುವ ಫಿಜಿಯಲ್ಲಿ, ಆ ಶತ್ರುವನ್ನು ತೊಟ್ಟಿಯ ಹೊರಗೇ ನಿಲ್ಲಿಸುವ ಕೆಲಸವನ್ನು ಮೂವತ್ತಾರು ವರ್ಷ ಮಾಡಿ ಈಗ ನಿವೃತ್ತರಾಗುತ್ತಿರುವವರು ನಮ್ಮ ದ್ವೀಪ ವಿದ್ಯುತ್ ಸಹಕಾರ ಸಂಘದ ತೈಲ ರಸಾಯನಜ್ಞೆ ಸೆರುವಾಯಾ ಕುನಾವುಲಾ ಅವರು. ಈ ವಿಷಯದಲ್ಲಿ ಅವರ ಮಾತು ಈ ಸಮುದ್ರದ ಹಲವು ದ್ವೀಪಗಳಿಗೆ ಕೊನೆಯ ಮಾತಾಗಿತ್ತು.

ಅವರು ತವೆವುನಿ ದ್ವೀಪದವರು. ಸುವಾ ನಗರದ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ, ೧೯೮೭ರಲ್ಲಿ ಸಂಘದ ಪ್ರಯೋಗಾಲಯ ಸೇರಿದರು. ನಾವೆಲ್ಲ ಎಣ್ಣೆಮನೆ ಎಂದು ಕರೆಯುವ ಆ ಎರಡು ಕೋಣೆಗಳ ಕಿಟಕಿಯಿಂದ ಬಂದರು ಕಾಣುತ್ತದೆ. ತವೆವುನಿಯ ಹಡಗು ವಾರಕ್ಕೆರಡು ಸಲ ಬರುತ್ತಿತ್ತು. ಆ ದಿನಗಳಲ್ಲಿ ಸೆರುವಾಯಾ ಅವರ ಮೇಜಿನ ಕೆಲಸ ಸ್ವಲ್ಪ ನಿಧಾನವಾಗುತ್ತಿತ್ತೆಂದು ಅವರ ಆಗಿನ ಮುಖ್ಯ ಎಂಜಿನಿಯರ್ ರಾಮ್‌ಸಮುಜ್ ಅವರು ನನಗೆ ಹೇಳಿದ್ದರು. ದೂರಿನ ಧ್ವನಿಯಲ್ಲಿ ಹೇಳಿದ್ದಲ್ಲ.

ಹಡಗಿನಲ್ಲಿ ಎಣ್ಣೆಯ ಮಾದರಿ ಬರುತ್ತಿತ್ತು. ತವೆವುನಿಯ ಪವರ್‌ಹೌಸಿನಲ್ಲಿ ಅದನ್ನು ಸೀಸೆಗೆ ತುಂಬಿಸಿ ಕಳಿಸುತ್ತಿದ್ದವರು ಸೆರುವಾಯಾ ಅವರ ಸೋದರಮಾವನ ಮಗ ಇಲೈತಿಯಾ. ಮಾವನ ಮಗ, ಅತ್ತೆ ಮಗಳು ಎಂದಮೇಲೆ ನಮ್ಮಲ್ಲಿ ಮಾತಿಗೆ ಲಗಾಮಿಲ್ಲ. ಇಬ್ಬರೂ ರೇಡಿಯೋ ಟೆಲಿಫೋನಿನಲ್ಲಿ ಮಾತಾಡಿದರೆ ಎರಡೂ ಕಡೆಯ ಸಿಬ್ಬಂದಿ ಕೆಲಸ ಬಿಟ್ಟು ಕಿವಿಗೊಡುತ್ತಿದ್ದರು.

ಅಭಿನಂದನ ಗ್ರಂಥದಲ್ಲಿ ಸನ್ಮಾನಿತರ ತಪ್ಪನ್ನು ಬರೆಯುವ ವಾಡಿಕೆಯಿಲ್ಲ. ನಾನು ಬರೆಯುತ್ತಿರುವುದು ಅವರೇ ಕೇಳಿಕೊಂಡದ್ದರಿಂದ. "ಅದನ್ನ ಬಿಟ್ಟು ನನ್ನ ಬಗ್ಗೆ ಬರ್ದ್ರೆ ಅದು ಬೇರೆ ಯಾರದೋ ಕತೆ ಆಗುತ್ತೆ" ಎಂದರು.

೧೯೯೪ರ ಡಿಸೆಂಬರ್. ಅವರ ಬಹುದಿನದ ಕೋರಿಕೆ ಕಡೆಗೂ ಮಂಜೂರಾಗಿ, ಜನವರಿಯಿಂದ ತವೆವುನಿ ಪವರ್‌ಹೌಸಿನ ಉಸ್ತುವಾರಿಯಾಗಿ ಊರಿಗೆ ಹೋಗಲು ಆದೇಶ ಬಂದಿತ್ತು. ಆ ವಾರದ ಹಡಗಿನಲ್ಲಿ ಮಾದರಿಯ ಸೀಸೆ ಬಂತು. ಅದು ಎಂದಿನಂತೆ ಮರದ ಪೆಟ್ಟಿಗೆಯಲ್ಲಿ ಬರಲಿಲ್ಲ. ಹಬ್ಬಕ್ಕೆಂದು ಇಲೈತಿಯಾ ಕಳಿಸಿದ ಮೀನಿನ ಐಸ್ ಪೆಟ್ಟಿಗೆಯಲ್ಲಿ, ಮೀನುಗಳ ನಡುವೆ ಬಂತು. ಮುಚ್ಚಳ ತೆಗೆದಾಗ ಕೋಣೆಯಲ್ಲೆಲ್ಲ ಊರಿನ ದಡದ ವಾಸನೆ ತುಂಬಿತು. ಸೆರುವಾಯಾ ಮೀನನ್ನು ಬದಿಗಿಟ್ಟು, ಸೀಸೆ ಒರೆಸಿ, ನಿಂತ ಕಾಲಲ್ಲೇ ಬಿರಡೆ ತೆಗೆದು ಎಣ್ಣೆಯನ್ನು ಪರೀಕ್ಷಾ ಪಾತ್ರೆಗೆ ಸುರಿದರು.

ಪರೀಕ್ಷೆ ಸರಳ. ಎಣ್ಣೆಯಲ್ಲಿ ಮುಳುಗಿರುವ, ಎರಡೂವರೆ ಮಿಲಿಮೀಟರ್ ಅಂತರದ ಎರಡು ಲೋಹದ ಗುಂಡಿಗಳ ನಡುವೆ ವೋಲ್ಟೇಜನ್ನು ಏರಿಸುತ್ತ ಹೋಗಬೇಕು. ಒಳ್ಳೆಯ ಎಣ್ಣೆ ಐವತ್ತು ಸಾವಿರ ವೋಲ್ಟನ್ನು ಸುಲಭವಾಗಿ ತಡೆಯುತ್ತದೆ. ಮೂವತ್ತು ಸಾವಿರಕ್ಕಿಂತ ಕಡಿಮೆಯಾದರೆ ಅಪಾಯ. ಅಂದು ಹತ್ತೊಂಬತ್ತು ಸಾವಿರಕ್ಕೇ ಕಿಡಿ ಹಾರಿತು. ಮತ್ತೆ ಮಾಡಿದರೂ ಅಷ್ಟೇ.

ಎಣ್ಣೆಗೆ ಅಷ್ಟು ನೀರು ಸೇರಿದ್ದರೆ ಸುರುಳಿಗೆ ಸುತ್ತಿದ ಕಾಗದವೂ ನೆನೆದಿರಬೇಕು. ಚಾಲೂ ಇಟ್ಟರೆ ಸಿಡಿಯಬಹುದು. ರಾಮ್‌ಸಮುಜ್ ಅವರು ತವೆವುನಿಯ ದೊಡ್ಡ ಟ್ರಾನ್ಸ್‌ಫಾರ್ಮರನ್ನು ಆ ಸಂಜೆಯೇ ನಿಲ್ಲಿಸಿದರು. ಆಸ್ಪತ್ರೆಯ ಜನರೇಟರ್ ಬಿಟ್ಟರೆ ದ್ವೀಪ ಕತ್ತಲಾಯಿತು. ಐಸ್ ಕಾರ್ಖಾನೆ ನಿಂತು ಮೀನುಗಾರರು ಹಿಡಿದ ಮೀನು ಹಾಳಾಯಿತು. ಚರ್ಚಿನ ಹಬ್ಬದ ಗಾಯನ ಲಾಟೀನಿನ ಬೆಳಕಿನಲ್ಲಿ ನಡೆಯಿತು. ಟ್ರಾನ್ಸ್‌ಫಾರ್ಮರನ್ನು ಕಳಚಿ ಹಡಗಿನಲ್ಲಿ ತರಿಸುವ ಮಾತು ನಡೆಯಿತು. ಆಗ ಸುವಾದ ಪತ್ರಿಕೆಯೊಂದರ ವರದಿಗಾರನಾಗಿದ್ದ ನಾನು ಈ ಸುದ್ದಿಯ ಬೆನ್ನು ಹತ್ತಿ ಎಣ್ಣೆಮನೆಗೆ ಹೋದದ್ದು ಆಗಲೇ.

ನಾನು ಹೋದಾಗ ಸೆರುವಾಯಾ ಅವರು ಖಾಲಿ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅದರ ಕುತ್ತಿಗೆಯಲ್ಲಿ ಮೀನಿನ ಹುರುಪೆಯೊಂದು ಅಂಟಿತ್ತು. ಅವರು ನನ್ನನ್ನು ಮಾತಾಡಿಸದೆ ಪಕ್ಕದ ಕೋಣೆಗೆ ಹೋಗಿ ರೇಡಿಯೋ ಟೆಲಿಫೋನಿನಲ್ಲಿ ತವೆವುನಿಯನ್ನು ಕರೆದರು.

"ಇಲೈತಿಯಾ, ಬಾಟ್ಲಿ ಹ್ಯಾಗೆ ಕಳ್ಸಿದ್ದೆ?"

"ಓ, ಸುವಾದ ಮಹಾರಾಣಿ. ದೀಪ ಆರ್ಸಿ ಈಗ ಬಾಟ್ಲಿ ವಿಚಾರ್ಸ್ತಿದೀಯಾ? ನಮ್ಮಮ್ಮ ಬೆಳಗಿಂದ ನಿನಗೆ ಮಂತ್ರಪುಷ್ಪ ಹಾಕ್ತಿದಾಳೆ."

"ತಮಾಷೆ ಆಮೇಲೆ. ದಾರಿಯುದ್ದಕ್ಕೂ ಐಸಲ್ಲೇ ಇತ್ತಾ?"

"ಮತ್ತೆ? ಮಾದರಿ ತಾಜಾ ಇರ್ಬೇಕು ಅಂತ ನೀನೇ ತಾನೆ ತಲೆ ತಿನ್ನೋದು. ಮೀನು ತಾಜಾ ಇತ್ತೋ ಇಲ್ವೋ?"

"ಮೀನು ಚೆನ್ನಾಗಿತ್ತು ಕಣೋ" ಎಂದ ಅವರು ಕೈಯಲ್ಲಿದ್ದ ಸೀಸೆಯನ್ನು ಮೇಜಿನ ಮೇಲಿಟ್ಟರು. ಆಮೇಲೆ, "ನಿನ್ನ ಯಂತ್ರಾನೂ ಚೆನ್ನಾಗಿದೆ ಅನ್ಸುತ್ತೆ. ತಪ್ಪು ನಂದು" ಎಂದರು.

ಆದದ್ದು ಇಷ್ಟು. ಐಸಿನಿಂದ ತೆಗೆದ ತಣ್ಣನೆಯ ಸೀಸೆಯನ್ನು ನಮ್ಮ ಡಿಸೆಂಬರ್ ಬೇಸಿಗೆಯ ಬೆವರುವ ಕೋಣೆಯಲ್ಲಿ ತೆರೆದಾಗ, ಗಾಳಿಯ ತೇವ ತಣ್ಣನೆಯ ಎಣ್ಣೆಯ ಮೇಲೆ ಹನಿಗಟ್ಟಿ ಒಳಗೆ ಸೇರಿತ್ತು. ನೀರು ಟ್ರಾನ್ಸ್‌ಫಾರ್ಮರಿನಲ್ಲಿರಲಿಲ್ಲ, ಎಣ್ಣೆಮನೆಯಲ್ಲಿ ಬಂದದ್ದು. ಸೀಸೆಯನ್ನು ಮುಚ್ಚಿದಂತೆಯೇ ಇಟ್ಟು, ಅದು ಕೋಣೆಯ ಬಿಸಿಗೆ ಬಂದ ಮೇಲೆ ತೆರೆಯಬೇಕೆಂಬುದನ್ನು ಸೆರುವಾಯಾ ಅವರು ಬಲ್ಲರು. ಬೇರೆ ದ್ವೀಪದಿಂದ ಬಂದ ಸೀಸೆಯಾಗಿದ್ದರೆ ಕಾಯುತ್ತಲೂ ಇದ್ದರು. ಮುಂದಿನ ಹಡಗಿನಲ್ಲಿ ಮರದ ಪೆಟ್ಟಿಗೆಯಲ್ಲಿ ಬಂದ ಮಾದರಿ ಐವತ್ತೆಂಟು ಸಾವಿರ ವೋಲ್ಟ್ ತಡೆಯಿತು. ಅಂದೇ ತವೆವುನಿಗೆ ದೀಪ ಬಂತು.

ನಾನು "ಪ್ರಯೋಗಾಲಯದ ಲೋಪ" ಎಂದು ಬರೆದುಕೊಂಡದ್ದನ್ನು ಅವರು ಓದಿ ನೋಡಿದರು. "ಪ್ರಯೋಗಾಲಯಕ್ಕೆ ಕೈ ಇಲ್ಲ, ಸರ್. ಬಿರಡೆ ತೆಗ್ದಿದ್ದು ನಾನು. ನನ್ನ ಹೆಸ್ರು ಹಾಕಿ." ಹಾಕಿದೆ. ನನ್ನ ಪತ್ರಿಕಾ ವೃತ್ತಿಯಲ್ಲಿ ತಪ್ಪಿನ ಪಕ್ಕದಲ್ಲಿ ತಮ್ಮ ಹೆಸರು ಸೇರಿಸಿ ಎಂದು ಕೇಳಿದವರು ಅವರೊಬ್ಬರೇ. ಮುಂದೆ ನಾನು ಇದೇ ಸಂಘದ ಪ್ರಕಟಣಾಧಿಕಾರಿಯಾಗಿ ಸೇರಲು ಆ ಮಾತೂ ಒಂದು ಕಾರಣ.

ಹೆಸರು ಹಾಕಿಸಿಕೊಂಡದ್ದು ಚಿಕ್ಕ ಬೆಲೆ. ದೊಡ್ಡ ಬೆಲೆಯನ್ನು ಅವರು ಮರುದಿನ ತೆತ್ತರು. ವರ್ಗಾವಣೆಯ ಆದೇಶವನ್ನು ರಾಮ್‌ಸಮುಜ್ ಅವರ ಮೇಜಿನ ಮೇಲಿಟ್ಟು, ಹೋಗುವುದಿಲ್ಲ ಎಂದರು. ರಾಮ್‌ಸಮುಜ್ ಅವರು ಹಿರಿಯರು, ಅಂತಃಕರಣದವರು.

"ಹೋಗ್ಬಿಡು ಮಗಳೇ" ಎಂದರು. "ಇಷ್ಟು ವರ್ಷ ಕೇಳಿ ಕೇಳಿ ಸಿಕ್ಕಿರೋದು. ತಪ್ಪು ಮಾಡದವರು ಯಾರಿದಾರೆ?"

"ಊರಿನ ಪೆಟ್ಟಿಗೆ ಕಂಡು ನನ್ನ ಕೈಯೇ ತಡೀಲಿಲ್ಲ ಸರ್. ನಾಳೆ ಇಲ್ಲಿ ಕೂರೋರು ಲಾವು ದ್ವೀಪದವರೋ ರೊಟೂಮಾ ದ್ವೀಪದವರೋ ಆಗ್ತಾರೆ. ಅವರಿಗೂ ಊರಿಂದ ಪೆಟ್ಟಿಗೆ ಬರುತ್ತೆ. ಕೈ ತಡೆಯೋ ಹಾಗೆ ಒಂದು ಪದ್ಧತಿ ಮಾಡಿ ಆಮೇಲೆ ಹೋಗ್ತೀನಿ."

ಪದ್ಧತಿ ಮಾಡಿದರು. ನಮ್ಮ ಹಳ್ಳಿಗಳಲ್ಲಿ ಬಂದ ಅತಿಥಿ ಮೊದಲು ಚಾಪೆಯ ಮೇಲೆ ಕೂತು, ಪಾನೀಯ ಮಾಡುವ ಯಂಗೋನಾ ಬೇರಿನ ಕಟ್ಟನ್ನು ಕಾಣಿಕೆಯಾಗಿ ಮುಂದಿಟ್ಟು, ಮನೆಯವರು ಅದನ್ನು ಒಪ್ಪಿಕೊಳ್ಳುವ ತನಕ ಬಂದ ವಿಷಯ ಎತ್ತುವಂತಿಲ್ಲ. ಎಣ್ಣೆಮನೆಗೆ ಬರುವ ಸೀಸೆಗೂ ಅವರು ಅದೇ ಮರ್ಯಾದೆ ಗೊತ್ತುಮಾಡಿದರು. ಮೂಲೆಯಲ್ಲಿ ಒಂದು ಹೆಣೆದ ಚಾಪೆ. ಯಾವ ದ್ವೀಪದ್ದೇ ಆಗಲಿ, ಸೀಸೆ ಅದರ ಮೇಲೆ ಕೂರಬೇಕು. ಗಾಜು ಮುಟ್ಟಿದರೆ ನಮ್ಮ ಕೈಯಷ್ಟೇ ಬೆಚ್ಚಗಿರುವ ತನಕ ಬಿರಡೆಯನ್ನು ಯಾರೂ ಮುಟ್ಟುವಂತಿಲ್ಲ. ಯಂತ್ರಗಳು ಎರಡು ಸಲ ಬದಲಾದವು. ಚಾಪೆ ಹರಿದಾಗ ಹೊಸದು ಬಂತು, ಪದ್ಧತಿ ಹೋಗಲಿಲ್ಲ. ತಾಳ್ಮೆ ಸಾಲದ ಹೊಸಬರನ್ನು ಅವರು ಗದರಿದ್ದನ್ನು ನಾನು ಕಾಣೆ. "ಕೂತಿದೆಯಾ?" ಎಂದಷ್ಟೇ ಕೇಳುತ್ತಿದ್ದರು.

ಆದರೆ ಅವರು ಹೇಳಿದ "ಆಮೇಲೆ" ಮಾತ್ರ ಬರಲಿಲ್ಲ. ತವೆವುನಿಯ ಹುದ್ದೆ ಬೇರೆಯವರಿಗೆ ಹೋಯಿತು. ಮತ್ತೆ ತೆರವಾದಾಗ ಇಲ್ಲಿ ಎಣ್ಣೆಯ ಕೆಲಸ ಬಲ್ಲವರು ಇನ್ನೊಬ್ಬರಿರಲಿಲ್ಲ. ದೊಡ್ಡ ಚಂಡಮಾರುತ ಬೀಸಿದ ವರ್ಷ ಅಲ್ಲಿನ ತೊಟ್ಟಿಗೆ ನಿಜವಾಗಿಯೂ ಮಳೆನೀರು ನುಗ್ಗಿದಾಗ, ಶುದ್ಧೀಕರಣ ಯಂತ್ರದೊಂದಿಗೆ ಹೋದ ತಂಡದಲ್ಲಿ ಅವರೂ ಇದ್ದರು, ನಾನೂ ಇದ್ದೆ. ಎಣ್ಣೆಯನ್ನು ಕಾಯಿಸಿ, ಸೋಸಿ, ನಿರ್ವಾತದಲ್ಲಿ ಅದರ ತೇವ ಎಳೆದು ತೊಟ್ಟಿಗೆ ಮರಳಿಸುವ ಆ ಕೆಲಸ ವಾರಗಟ್ಟಲೆ ನಡೆಯಿತು. ಕೊಲ್ಲಿಯ ಆಚೆ ಅವರ ಹಳ್ಳಿ ಕಾಣುತ್ತಿತ್ತು. ಸಂಜೆ ಅಲ್ಲಿನ ಚರ್ಚಿನ ಮರದ ನಗಾರಿ ಕೇಳಿದಾಗ ಅವರು ಮಾಪಕದಿಂದ ತಲೆ ಎತ್ತಿ, ಅದು ನಿಲ್ಲುವ ತನಕ ಕೇಳಿ, ಮತ್ತೆ ಮಾಪಕ ನೋಡುತ್ತಿದ್ದರು. ಭಾನುವಾರ ಮಾತ್ರ ದೋಣಿಯಲ್ಲಿ ಹೋಗಿ ಬರುತ್ತಿದ್ದರು.

ಈಚಿನ ವರ್ಷಗಳಲ್ಲಿ, ಸುಲಭವಾಗಿ ಬೆಂಕಿ ಹತ್ತದ ಸಸ್ಯಮೂಲದ ಎಣ್ಣೆಯನ್ನು ಆಸ್ಪತ್ರೆಗಳ ಬಳಿಯ ಟ್ರಾನ್ಸ್‌ಫಾರ್ಮರುಗಳಿಗೆ ತುಂಬಿಸಿದ್ದು ಅವರ ಇನ್ನೊಂದು ಕೊಡುಗೆ. ಅದನ್ನು ಕೇಳಿದ ಇಲೈತಿಯಾ, "ತಲೆಗೆ ಹಚ್ಚೋ ತೆಂಗಿನೆಣ್ಣೆಯಿಂದ್ಲೇ ದೀಪ ಉರಿಯೋದಾದ್ರೆ ನಮ್ಮಜ್ಜಿನೇ ಚೀಫ್ ಎಂಜಿನಿಯರ್ ಮಾಡ್ಬೇಕಿತ್ತು ಬಿಡು" ಎಂದಿದ್ದರು. ಅದಕ್ಕೆ ಸೆರುವಾಯಾ ಅವರ ಉತ್ತರ: "ತೆಂಗಿನೆಣ್ಣೆ ನಿಮ್ಮ ಗುಡ್ಡದ ಚಳಿಗೆ ಗಟ್ಟಿಯಾಗುತ್ತೆ, ನಿನ್ನ ತಲೆ ಹಾಗೆ. ನಾವು ಹಾಕೋದು ಬೇರೆ."

ಸೀಸೆಗಳು ಮರದ ಪೆಟ್ಟಿಗೆಯಲ್ಲಿ, ಮೀನು ಐಸ್ ಪೆಟ್ಟಿಗೆಯಲ್ಲಿ, ಬೇರೆ ಬೇರೆಯಾಗಿ ಇಷ್ಟು ವರ್ಷವೂ ಬಂದವು. ಇಲೈತಿಯಾ ಪವರ್‌ಹೌಸಿನಿಂದ ನಿವೃತ್ತರಾದ ಮೇಲೂ ಮೀನು ನಿಲ್ಲಲಿಲ್ಲ. ಕಳೆದ ವಾರ, ಬೀಳ್ಕೊಡುಗೆಯ ದಿನ, ಐಸ್ ಪೆಟ್ಟಿಗೆ ಬಂತು. ತೆರೆದರೆ ಖಾಲಿ. ಸೆರುವಾಯಾ ಅವರು ಫೋನು ಹಚ್ಚಿ, ನಾವೆಲ್ಲ ಕೇಳುವಂತೆ ಇಟ್ಟರು.

"ಏನೋ ಇದು? ಮುದುಕ ಆದ್ಮೇಲೆ ಮೀನು ಹಿಡಿಯೋಕೂ ಮರ್ತ್ಯಾ?"

"ಹಿಡಿದಿದೀನಿ. ಇಲ್ಲೇ ಇದೆ. ಕಳ್ಸಲ್ಲ. ಪೆಟ್ಟಿಗೇಲಿ ನಿನ್ನ ಬಟ್ಟೆಬರೆ ತುಂಬ್ಕೊಂಡು ಬಾ."

ಸೆರುವಾಯಾ ಅವರು ಪೆಟ್ಟಿಗೆಯ ಮುಚ್ಚಳ ಹಾಕಿ, ಅದರ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಕೂತರು. ಬರುವ ಶುಕ್ರವಾರದ ಹಡಗಿಗೆ ಅವರು ಹೊರಡುತ್ತಿದ್ದಾರೆ.

ತವೆವುನಿಯ ಟ್ರಾನ್ಸ್‌ಫಾರ್ಮರಿನ ಮಾದರಿ ತೆಗೆದು ಕಳಿಸುವ ಕೆಲಸವನ್ನು ಇನ್ನು ಮುಂದೆ ತಾವೇ ಮಾಡುವುದಾಗಿ ಅವರು ಒಪ್ಪಿದ್ದಾರೆ. ಅವರ ಆಯುಷ್ಯ ದೀರ್ಘವಾಗಲಿ. ಕೊಲ್ಲಿಯ ಆಚೆಯಿಂದ ಕೇಳುತ್ತಿದ್ದ ನಗಾರಿ ಇನ್ನು ಅವರ ಅಂಗಳದಲ್ಲೇ ಕೇಳಲಿ. ಅವರ ಕೈಬರಹದ ಚೀಟಿ ಹೊತ್ತ ಸೀಸೆಗಳು ಬಹುಕಾಲ ನಮಗೆ ಬರುತ್ತಿರಲಿ. ಬಂದ ಸೀಸೆಯನ್ನು ನಾವು ಚಾಪೆಯ ಮೇಲೆ ಕೂರಿಸುತ್ತೇವೆ, ಬೆಚ್ಚಗಾಗುವ ತನಕ ಮುಟ್ಟುವುದಿಲ್ಲ. ಅದರ ಮುಂದೆ ಕಾಯುತ್ತ ಕೂರುವುದು ನಮಗೆ ಎಷ್ಟು ಕಷ್ಟವಾಗಲಿದೆ ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.