ರಿಬ್ಬನ್ ಕಟ್ಟಿದ ಪ್ರಶಸ್ತಿ

ಅಲ್ಲ, ಕುಡಿತ ಬಿಟ್ಟವನಿಗೆ ಬಾಟಲಿಯನ್ನೇ ಬಹುಮಾನ ಕೊಡುತ್ತಾರೆಯೇ? ಕೊಟ್ಟರು. ದೇಶವೆಲ್ಲ ಕಣ್ಣರಳಿಸಿ ನೋಡುವ ಸಂಗೀತ ಪ್ರಶಸ್ತಿ ಸಮಾರಂಭಕ್ಕೆ ಆ ವರ್ಷ ಟಕೀಲಾ ಎಂಬ ಮದ್ಯದ ಕಂಪನಿಯೊಂದು ಜೊತೆಯಾಗಿತ್ತು. ದುಡ್ಡು ಅವರದು, ದರ್ಬಾರೂ ಅವರದೇ. ಹಳೆಯ ಹಿತ್ತಾಳೆ ಫಲಕ ಮೂಲೆ ಸೇರಿತು. ಅದರ ಬದಲಿಗೆ ಗಿಟಾರಿನ ಆಕಾರದ ಗಾಜಿನ ಬಾಟಲಿ, ಕುತ್ತಿಗೆಗೆ ಕೆಂಪು ರಿಬ್ಬನ್, ಒಳಗೆ ನೀರಿನಷ್ಟು ತಿಳಿಯಾದ ಮದ್ಯ.

ಹಿಂದಿನ ಸಾಲಿನಲ್ಲಿ ಟೈಲರಮ್ಮ ಕೂತಿದ್ದಳು. ವೇದಿಕೆಯ ಮೇಲೆ ಆ ಬಾಟಲಿಯನ್ನು ಎದೆಗವಚಿಕೊಂಡು ನಿಂತಿದ್ದವನು ಅವಳ ಗಂಡ. ಜೀವಮಾನವೆಲ್ಲ ಬೇರೆಯವರ ಹಾಡಿಗೆ ಡ್ರಮ್ಸ್ ಬಾರಿಸಿದವನು, ಮೈಕಿನಲ್ಲಿ ಅವನ ಹೆಸರು ಕೇಳಿಸಿದ್ದು ಇದೇ ಮೊದಲು. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರೆ ಇವಳಿಗೆ ಕೈಯೇ ಮೇಲೇಳಲಿಲ್ಲ.

ಏಳುವುದಾದರೂ ಹೇಗೆ! ಒಂದು ಕಾಲಕ್ಕೆ ಕುಡಿದು ಕುಡಿದು ಅವನ ಕೈ ಕೋಲು ಹಿಡಿಯಲಾಗದಷ್ಟು ನಡುಗುತ್ತಿತ್ತು. ಅದನ್ನು ಬಿಡಿಸುವಷ್ಟರಲ್ಲಿ ಅವಳಿಗೆ ಸಾಕುಸಾಕಾಗಿತ್ತು. ಬಿಟ್ಟ ಮೇಲೂ ಅಷ್ಟೇ, ಕೆಮ್ಮಿನ ಔಷಧಿ ತಂದರೆ ಅದರ ಮೇಲಿನ ಚೀಟಿ ಓದಿಯೇ ಒಳಗಿಡುವವಳು. ಹೊಲಿಗೆ ಯಂತ್ರ ಒರೆಸುವ ಸ್ಪಿರಿಟ್ಟನ್ನೂ ಮನೆಗೆ ಸೇರಿಸಿರಲಿಲ್ಲ. ಆದರೆ ಬಟ್ಟೆ ಹೊಲಿಸಲು ಬಂದವರು ಆ ಮಾತೆತ್ತಿದರೆ ಮಾತ್ರ, ನನ್ನ ಗಂಡನ ಮುಂದೆ ಹಂಡೆ ತುಂಬ ಇಟ್ಟರೂ ಮೂಸಿ ನೋಡಲ್ಲ ಅಂತ ಅವರ ಬಾಯಿ ಮುಚ್ಚಿಸಿಬಿಡುತ್ತಿದ್ದಳು.

ಈಗ ಅದೇ ಶನಿ ಬಂದು ಮಗಳ ಮದುವೆ ಫೋಟೋ ಪಕ್ಕ, ಕಪಾಟಿನಲ್ಲಿ ಠೀವಿಯಿಂದ ಕೂತಿತು. ಎಸೆಯೋಣ ಅಂದರೆ ಅದು ಅವನ ಪ್ರಶಸ್ತಿ. ಬಂದವರಿಗೆಲ್ಲ ಒರೆಸಿ ಒರೆಸಿ ತೋರಿಸುತ್ತಾನೆ, ಒಳ್ಳೆ ಮಗುವಿನ ಹಾಗೆ. ಚೆಲ್ಲಿಬಿಡಿ ಅನ್ನಲು ಅವಳಿಗೆ ನಾಲಿಗೆ ಬರಲಿಲ್ಲ. ಹಾಗಂದರೆ ನಿಮ್ಮನ್ನು ನಂಬಲ್ಲ ಅಂದ ಹಾಗೇ ತಾನೇ?

ಅವನು ಸ್ನಾನಕ್ಕೆ ಹೋದಾಗ ರಿಬ್ಬನ್ ಬಿಚ್ಚಿದಳು, ಬಿರಡೆ ಕಿತ್ತಳು, ಮೂಗು ಮುಚ್ಚಿಕೊಂಡು ಎಲ್ಲವನ್ನೂ ಸಿಂಕಿಗೆ ಸುರಿದಳು. ಬಾಟಲಿ ತೊಳೆದು, ನಲ್ಲಿ ನೀರು ತುಂಬಿಸಿ, ರಿಬ್ಬನ್ನನ್ನು ಮೊದಲಿದ್ದ ಹಾಗೇ ಹೂವಿನಂತೆ ಕಟ್ಟಿದಳು. ಕಟ್ಟಿದ್ದು ಟೈಲರಮ್ಮನ ಕೈ, ಯಾರಪ್ಪನಿಗೂ ಗೊತ್ತಾಗುವಂತಿರಲಿಲ್ಲ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಅಂತ ನೆಮ್ಮದಿಯಾಗಿ ಹೊಲಿಗೆಗೆ ಕೂತಳು.

ಮರುದಿನ ಮಧ್ಯಾಹ್ನ ಹೊಲಿದ ಬಟ್ಟೆ ಕೊಟ್ಟು ಬಂದು ನೋಡುತ್ತಾಳೆ, ನೀರು ಗಿಟಾರಿನ ಸೊಂಟಕ್ಕಿಳಿದಿದೆ! ರಿಬ್ಬನ್ನಿಗೆ ಹಗ್ಗಕ್ಕೆ ಹಾಕುವಂಥ ಒರಟು ಗಂಟು. ಕುಡಿದದ್ದು ನೀರೇ, ಸರಿ. ಆದರೆ ಬಿರಡೆ ಕೀಳುವಾಗ ಅದು ನೀರು ಅಂತ ಅವನಿಗೆ ಗೊತ್ತಿತ್ತೇ?

ಅವನು ಊಟದ ಮೇಜಿನ ಮುಂದೆ ತಲೆ ತಗ್ಗಿಸಿ ಕೂತಿದ್ದ. ಬೈಯೋಣ ಅಂದರೆ ತಾನು ಮಾಡಿದ್ದೂ ಹೊರಗೆ ಬರುತ್ತದೆ. ಕೊನೆಗೆ ಅವನೇ ಬಾಯಿಬಿಟ್ಟ.

"ನಾನು ಕುಡೀತೀನಿ ಅಂತ ನಿನಗೆ ಮೊದಲೇ ಗೊತ್ತಿತ್ತು, ಅಲ್ವಾ?"

ಕೂಗಿದ್ದರೆ ಅವಳೂ ತಿರುಗಿ ಕೂಗುತ್ತಿದ್ದಳು. ಇಲ್ಲ ಅನ್ನಲು ಬಾಯಿ ತೆರೆದಳು, ಸುಳ್ಳು ಬರಲಿಲ್ಲ. ಹೂಂ ಅಂದಳು.

"ಕುಡೀತೀನಿ ಅಂತ ನನಗೇ ಗೊತ್ತಿರಲಿಲ್ಲ ಕಣೇ," ಅಂದ ಅವನು.

ಟೈಲರಮ್ಮ ಆ ಒರಟು ಗಂಟು ಬಿಚ್ಚಿದಳು. ಉಳಿದದ್ದನ್ನು ಎರಡು ಲೋಟಕ್ಕೆ ಬಗ್ಗಿಸಿ, ಒಂದನ್ನು ಅವನ ಮುಂದಿಟ್ಟು, ಇನ್ನೊಂದನ್ನು ತಾನೇ ಎತ್ತಿ ಕುಡಿದಳು. ಅಷ್ಟು ತೊಳೆದಿದ್ದರೂ ವಾಸನೆ ಹೋಗಿರಲಿಲ್ಲ.