ಅತ್ತವರಲ್ಲಿ ಒಬ್ಬಳಿಗೆ ನಿಜ ಹೇಳಲಿಲ್ಲ

ಚೈತ್ರಾ, ಪವನ್ — ನಿಮ್ಮ ಅಮ್ಮ ಸತ್ತುಹೋದಳೆಂದು ನಾನು ಒಬ್ಬರಿಗೆ ಹೇಳಿದ್ದೇನೆ. ಅವಳು ಬದುಕಿದ್ದಾಳೆಂದು ತಿಳಿದೂ ಹೇಳಿದ್ದೇನೆ. ನೀವು ಹುಟ್ಟುವ ಮೊದಲಿನ ಮಾತು ಇದು. ಆ ಮಾತನ್ನು ನಾನು ಇವತ್ತಿನವರೆಗೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ನಾಲ್ಕು ಜನರ ಮುಂದೆ ಹೆಸರು ಹೇಳುವುದಕ್ಕೂ ನಾಚುವವಳು ನಾನು. ಕುಂದುರ್ಪಿ ಹತ್ತಿರದ ನಮ್ಮೂರಲ್ಲಿ ಏಳನೆಯ ಕ್ಲಾಸಿನವರೆಗೆ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹಿಂದೂಪುರದಲ್ಲಿ ತೆಲುಗು ಓದಿ ಬೆಳೆದ ನಿಮಗೆ ಇದನ್ನು ಓದಲು ತಡವಾಗುತ್ತದೆ. ತಡವಾದರೂ ನೀವೇ ಓದಿ.

ನಿಮ್ಮಮ್ಮ ಶೈಲಜಾ ಕಲ್ಯಾಣದುರ್ಗದ ನನ್ನ ಅಣ್ಣನ ಮಗಳು. ಅವಳು ತೊಟ್ಟಿಲಲ್ಲಿದ್ದಾಗಲೇ ನನ್ನ ಮಗನಿಗೆ, ಎಂದರೆ ನಿಮ್ಮಪ್ಪನಿಗೆ ಎಂದು ಎರಡೂ ಮನೆಯಲ್ಲಿ ಮಾತಾಗಿತ್ತು. ಡಿಗ್ರಿ ಓದಲು ಹಿಂದೂಪುರಕ್ಕೆ ಬಂದವಳು ನಮ್ಮ ಮನೆಯಲ್ಲೇ ಇದ್ದಳು. ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾದಷ್ಟು ಎತ್ತರ. "ಅಟ್ಟದ ಸಾಮಾನು ಇಳಿಸೋಕೆ ನಿಮಗೆ ಏಣಿ ಬ್ಯಾಡ ಬಿಡಕ್ಕಾ, ಸೊಸೆ ಅವಳೆ" ಎಂದು ಓಣಿಯ ಹೆಂಗಸರು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಆಗ ಒಂದು ತೆಲುಗು ಚಾನೆಲ್‌ನವರು ಮಾಡೆಲಿಂಗ್ ಸ್ಪರ್ಧೆ ನಡೆಸಿದರು. ಕಾಲೇಜಿನ ಗೆಳತಿಯೊಬ್ಬಳು ಇವಳ ಫೋಟೋ ಕಳಿಸಿದಳು. ಅರ್ಜಿಯಲ್ಲಿ ಕೊಟ್ಟಿದ್ದು ನಮ್ಮ ಮನೆಯ ಫೋನ್ ನಂಬರು. ಅಣ್ಣ ಬೈದು, ಅತ್ತು, ಕೊನೆಗೆ ತಾನೇ ಜೊತೆಗೆ ಹೋಗಿ ಹೈದರಾಬಾದಿನಲ್ಲಿ ಬಿಟ್ಟು ಬಂದ. ವಾರಕ್ಕೊಬ್ಬಳನ್ನು ಅವರು ಮನೆಗೆ ಕಳಿಸುತ್ತಿದ್ದರು. ಇವಳನ್ನು ಕಳಿಸಲಿಲ್ಲ. ಆರು ಜನ ಉಳಿದಾಗಲೂ ಇವಳು ಇದ್ದಳು.

ಟೀವಿಯಲ್ಲಿ ಅವಳನ್ನು ನೋಡಿ ನನಗೆ ಭಯವಾಯಿತು. ನಮ್ಮ ಮನೆಯಲ್ಲಿ ತಲೆ ಬಗ್ಗಿಸುತ್ತಿದ್ದ ಹುಡುಗಿ ಅಲ್ಲಿ, ಲೋಕದಲ್ಲಿ ಬಾಗಿಲೇ ಇಲ್ಲವೆನ್ನುವ ಹಾಗೆ ನಡೆಯುತ್ತಿದ್ದಳು. ಅವಳು ಇನ್ನು ನಮ್ಮವಳಲ್ಲ ಎಂದು — ಆ ಯೋಚನೆ ಬಂದದ್ದು ಅವತ್ತೇ.

ಕೊನೆಯ ಸುತ್ತಿಗೆ ಮೊದಲು ಎಲ್ಲರಿಗೂ ಕೆಲವು ದಿನ ರಜೆ ಕೊಟ್ಟರು. ಮತ್ತೆ ಯಾವತ್ತು ಬರಬೇಕೆಂದು ಫೋನ್ ಮಾಡಿ ಹೇಳುತ್ತೇವೆ ಎಂದಿದ್ದರು. ಶೈಲಾ ಕಲ್ಯಾಣದುರ್ಗಕ್ಕೆ ಹೋದಳು.

ಒಂದು ಬೆಳಿಗ್ಗೆ ಅತ್ತಿಗೆಯ ಫೋನ್ ಬಂತು. "ರತ್ನೀ... ಶೈಲ ಹೋಗ್ಬುಟ್ಲು ಕಣೇ." ಅಷ್ಟೇ ಹೇಳಿ ಇಟ್ಟಳು. ನಾನು ನೆಲದ ಮೇಲೆ ಕುಸಿದು ಕೂತು ಅತ್ತೆ. ನಿಮ್ಮ ತಾತ ಹೋಗಿ ಆಗಿನ್ನೂ ಒಂದೇ ವರ್ಷವಾಗಿತ್ತು, ಅದೇ ಅಳು ಮತ್ತೆ ಬಂತು. ಹಾಗೆ ಅಳುತ್ತಿರುವಾಗಲೇ ಇನ್ನೊಂದು ಸಲ ಫೋನ್ ಬಂತು. ಹೈದರಾಬಾದಿನಿಂದ ಒಬ್ಬ ಹೆಣ್ಣುಮಗಳು. ಶೈಲಜಾ ಇದ್ದಾರಾ ಎಂದು ತೆಲುಗಿನಲ್ಲಿ ಕೇಳಿದಳು. ನಾನು "ಚನಿಪೋಯಿಂದಮ್ಮಾ" ಎಂದೆ. ಸತ್ತುಹೋದಳು ಎಂದೆ. ಅವಳು "ಅಯ್ಯೋ" ಎಂದಳು. ಆಮೇಲೆ ಅವಳೂ ಅತ್ತಳು. ನಾವಿಬ್ಬರೂ, ಮುಖ ನೋಡದವರು, ಎಷ್ಟೋ ಹೊತ್ತು ಫೋನ್ ಹಿಡಿದು ಅತ್ತೆವು.

ಇಷ್ಟರವರೆಗೆ ನನ್ನ ತಪ್ಪಿಲ್ಲ.

ಒಂದು ಗಂಟೆಯ ಮೇಲೆ ಅತ್ತಿಗೆ ಮತ್ತೆ ಮಾಡಿದಳು. "ಅಳಬ್ಯಾಡ ಕಣೇ ರತ್ನೀ. ಶೈಲಂಗೆ ಕಾಗೆ ಬಡೀತು, ಅದಕ್ಕೇ ಹಂಗಂದೆ. ಮಾಳಿಗೆ ಮ್ಯಾಲೆ ಉಪ್ಪಿಟ್ಟು ತಿಂತಾ ಕುಂತವಳೆ ಮೂದೇವಿ."

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರಲಾರದು. ಕಾಗೆ ತಲೆಗೆ ಬಡಿದರೆ ಆ ಮನುಷ್ಯನಿಗೆ ಸಾವು ಹತ್ತಿರವೆಂದು ನಂಬುತ್ತಿದ್ದರು. ಅದನ್ನು ಕಳೆಯಲು, ಸತ್ತರೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸುವುದು. ನೆಂಟರು ನಿಜವಾಗಿ ಅಳಬೇಕು. ಅತ್ತರೆ ಸಾವು ಬಂದು ಹೋದ ಲೆಕ್ಕ. ಆದರೆ ಹೊತ್ತು ಮುಳುಗುವುದರೊಳಗೆ ಅತ್ತವರಿಗೆಲ್ಲ ನಿಜ ಹೇಳಿಬಿಡಬೇಕು. ಒಬ್ಬರನ್ನೂ ಬಿಡುವಂತಿಲ್ಲ. ಬಿಟ್ಟರೆ ಏನಾಗುತ್ತದೆಂದು ನನ್ನ ಅವ್ವ ಯಾವತ್ತೂ ಹೇಳಲಿಲ್ಲ. ಯಾರೂ ಬಿಟ್ಟಿರಲಿಲ್ಲ, ಅದಕ್ಕೆ.

ಹೈದರಾಬಾದಿನ ನಂಬರು ಗೋಡೆಯ ಕ್ಯಾಲೆಂಡರಿನ ಮೇಲೆ ಶೈಲಾಳ ಅಕ್ಷರದಲ್ಲೇ ಇತ್ತು. ಹೊತ್ತು ಮುಳುಗುವವರೆಗೆ ನಾನು ಅದನ್ನು ನೋಡುತ್ತಾ ಕೂತೆ. ಫೋನ್ ಮಾಡಿದರೆ ಅವಳು ಹೋಗುತ್ತಾಳೆ. ಮಾಡದಿದ್ದರೆ — ನಾನು ಏನೂ ಮಾಡಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು. ನಿಮ್ಮಪ್ಪ ಅವಳೇ ಬೇಕೆಂದು ಕೇಳಿರಲಿಲ್ಲ. ನನಗೆ ಬೇಕಾಗಿತ್ತು.

ಎರಡು ದಿನದ ಮೇಲೆ ಅದೇ ಹೆಣ್ಣುಮಗಳು ಮತ್ತೆ ಫೋನ್ ಮಾಡಿದಳು. ಇಲ್ಲಿ ಯಾರೂ ನಂಬುತ್ತಿಲ್ಲ ಎಂದಳು. "ನಿಜಮೇನಾ ಅಮ್ಮಾ?"

ಗೋಡೆಯ ಮೇಲೆ ನಿಮ್ಮ ತಾತನ ಫೋಟೋ ಇತ್ತು. ನಾನು ಅದಕ್ಕೆ ಬೆನ್ನು ತಿರುಗಿಸಿದೆ.

"ನಿಜಮೇ" ಎಂದೆ.

ಶೈಲಾ ಕಲ್ಯಾಣದುರ್ಗದಿಂದ ದಿನವೂ ಫೋನ್ ಮಾಡಿ ಕೇಳುತ್ತಿದ್ದಳು: "ಫೋನ್ ಬಂತಾ ಅತ್ತೆ?" ನಾನು ಇಲ್ಲ ಎನ್ನುತ್ತಿದ್ದೆ. ಕೊನೆಗೆ ಅವಳೇ ಬೂತ್‌ನಿಂದ ಮಾಡಿದಳಂತೆ. "ನನ್ನ ಹೆಸರು ಹೇಳ್ದೆ ಅತ್ತೆ. ಕಿರುಚಿ ಇಟ್ಬುಟ್ರು. ಇನ್ನೊಂದ್ಸಲ ಮಾಡಿದ್ರೆ ಎತ್ತಲೇ ಇಲ್ಲ. ಅಷ್ಟು ಅಸಹ್ಯನಾ ನಾನು?" ಸತ್ತವಳ ದನಿ ಕೇಳಿದರೆ ಅವರು ಇನ್ನೇನು ಮಾಡುತ್ತಾರೆ? ಅವರು ಕಿರುಚಿದ್ದರ ಅರ್ಥ ಇಡೀ ಭೂಮಿಯ ಮೇಲೆ ನನಗೊಬ್ಬಳಿಗೇ ಗೊತ್ತಿತ್ತು. ನಾನು ಅವಳಿಗೆ, "ದೊಡ್ಡೋರ ಸಹವಾಸ ಬಿಡು ಕಣಮ್ಮ" ಎಂದೆ.

ಕೊನೆಯ ಸುತ್ತನ್ನು ಅವಳು ನೋಡುವುದಿಲ್ಲವೆಂದಳು. ನಾನು ನೋಡಿದೆ. ಸಂಜೆ, ಮನೆಯಲ್ಲಿ ಒಬ್ಬಳೇ. ಐದು ಹುಡುಗಿಯರು ಬಂದು ಸಾಲಾಗಿ ನಿಂತರು. ಆರನೆಯ ಜಾಗದಲ್ಲಿ ಬೆಳಕು ಮಾತ್ರ ಬಿದ್ದಿತ್ತು. ಯಾಕೆಂದು ಯಾರೂ ಹೇಳಲಿಲ್ಲ. ಒಬ್ಬಳು ಮಾತ್ರ ನಡೆದು ಹೋಗುವಾಗ ಆ ಬೆಳಕನ್ನು ತುಳಿಯದೆ ಸುತ್ತಿ ಹೋದಳು. ಹೆಣವನ್ನು ಬಳಸಿ ಹೋಗುವ ಹಾಗೆ.

ಮದುವೆಯಾಯಿತು. ಶೈಲಾ ನಮ್ಮ ಮನೆಗೆ ಬಂದಳು. ಬಂದವಳು ಯಾರು ಎಂದು — ನಿಮಗೆ ಹೇಗೆ ಹೇಳಲಿ? ಅಡುಗೆಮನೆಯಿಂದ ಹಿತ್ತಲಿಗೆ ಅವಳು ನಡೆಯುವಾಗ ಸದ್ದೇ ಆಗುತ್ತಿರಲಿಲ್ಲ. ಒಂದು ಹೆಜ್ಜೆಯ ಮುಂದೆ ನೇರವಾಗಿ ಇನ್ನೊಂದು ಹೆಜ್ಜೆ. ಹಿತ್ತಲ ಬಾಗಿಲಲ್ಲಿ ಒಂದು ಕ್ಷಣ ನಿಂತು, ಎದುರಿಗೆ ಯಾರೋ ಕೂತಿದ್ದಾರೆ ಎಂಬಂತೆ ನೋಡಿ, ತಿರುಗಿ ಬರುತ್ತಿದ್ದಳು. ಅಲ್ಲಿ ಬಟ್ಟೆ ಒಗೆಯುವ ಕಲ್ಲು ಬಿಟ್ಟರೆ ಏನೂ ಇರಲಿಲ್ಲ. ಮಧ್ಯಾಹ್ನ ಅವಳು ಮಲಗಿದಾಗ ಎಷ್ಟೋ ಸಲ ಮೂಗಿನ ಹತ್ತಿರ ಬೆರಳಿಟ್ಟು ನೋಡಿದ್ದೇನೆ. ಉಸಿರು ತಾಗುತ್ತಿತ್ತು. ಆದರೂ ಮಾರನೆಯ ದಿನ ಮತ್ತೆ ನೋಡುತ್ತಿದ್ದೆ. ಪವನ್, ನೀನು ಹುಟ್ಟುವಾಗ ಅವಳಿಗೆ ರಕ್ತ ನಿಲ್ಲಲಿಲ್ಲ. ಎಲ್ಲರೂ ದೇವರನ್ನು ಕರೆಯುತ್ತಿದ್ದರು. ನಾನು ಆಸ್ಪತ್ರೆಯ ಹೊರಗೆ ನಿಂತು, ಹೈದರಾಬಾದಿನ ಆ ಹೆಣ್ಣುಮಗಳಿಗೇ ಹೇಳುವವಳಂತೆ, "ಬದುಕಿದ್ದಾಳಮ್ಮಾ, ಬದುಕಿದ್ದಾಳೆ" ಎಂದು ಗೋಡೆಗೆ ಹೇಳುತ್ತಿದ್ದೆ. ಅವತ್ತು ಅವಳು ಉಳಿದಳು. ಉಳಿದ ಮೇಲೆ ನಾನು ಮತ್ತೆ ಬಾಯಿ ಮುಚ್ಚಿಕೊಂಡೆ.

ಕಳೆದ ತಿಂಗಳು, ಚೈತ್ರಾ, ನೀನು ಮೊಬೈಲು ಹಿಡಿದು ಓಡಿ ಬಂದೆ. ಆ ಸ್ಪರ್ಧೆಯ ಹುಡುಗಿಯರು ಈಗ ಎಲ್ಲಿದ್ದಾರೆಂದು ಯಾರೋ ಮಾಡಿದ ವಿಡಿಯೋ. ಗೆದ್ದವಳು ಒಡವೆ ಅಂಗಡಿಗಳ ಜಾಹೀರಾತಿನಲ್ಲಿ ಇದ್ದಾಳೆ. ಒಬ್ಬಳು ಸಿನಿಮಾ ಮಾಡಿ ಬಿಟ್ಟಳು. ಒಬ್ಬಳು ದುಬೈಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾಳೆ, ಒಬ್ಬಳು ಹೊಸ ಹುಡುಗಿಯರಿಗೆ ನಡೆಯುವುದನ್ನು ಕಲಿಸುತ್ತಾಳೆ, ಇನ್ನೊಬ್ಬಳು ಸೀರಿಯಲ್ಲಿನಲ್ಲಿ ಅತ್ತೆಯ ಪಾತ್ರ ಮಾಡುತ್ತಾಳೆ. ಕೊನೆಗೆ ಒಂದು ಫೋಟೋ, ಅದರ ಮುಂದೆ ಉರಿಯುವ ದೀಪ.

"ಅಮ್ಮಾ, ಈ ಸತ್ತೋದ ಹುಡುಗಿ ನಿನ್ ಥರಾನೇ ಅವಳೆ! ಹೆಸರೂ ನಿಂದೇ!" ಎಂದೆ ನೀನು.

ನಿಮ್ಮಮ್ಮ ಬ್ಲೌಸು ಹೊಲಿಯುತ್ತಿದ್ದಳು. ಮಿಷನ್ ನಿಲ್ಲಿಸಿ, ಆ ದೀಪವನ್ನು ನೋಡಿದಳು. "ಶೈಲಜಾ ಅನ್ನೋರು ಊರಿಗೆ ಹತ್ತು ಜನ ಅವರೆ, ಹೋಗಿ ಓದ್ಕೋ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಬೇರೆ ಯಾರದೋ ವಿಷಯ ಹೇಳುವಂತೆ, "ಚೆನ್ನಾಗಿ ನಡೀತಿದ್ಲು, ಪಾಪ" ಎಂದಳು.

ಮಾರನೆಯ ದಿನ ನೀವಿಬ್ಬರೂ ಶಾಲೆಗೆ ಹೋದ ಮೇಲೆ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. "ಅವರಿಗೆ ಈಗ ಫೋನ್ ಮಾಡಿ" ಎಂದಳು. ಹಳೆಯ ನಂಬರು ನನಗೆ ಬಾಯಿಪಾಠವಿತ್ತು. ಮಾಡಿದೆವು. ಈ ನಂಬರು ಚಾಲ್ತಿಯಲ್ಲಿಲ್ಲ ಎಂದು ಒಂದು ದನಿ ಹೇಳುತ್ತಲೇ ಇತ್ತು. ಆ ಚಾನೆಲ್ ಮುಚ್ಚಿ ಎಷ್ಟೋ ವರ್ಷವಾಗಿದೆಯಂತೆ.

"ಆ ವಿಡಿಯೋ ಕೆಳಗೆ ನೀನೇ ಬರೀಬಹುದಲ್ಲಮ್ಮ, ನಾನು ಇದೀನಿ ಅಂತ" ಎಂದೆ.

"ನಾನು ಹೇಳ್ದಾಗ ಕಿರುಚಿ ಫೋನ್ ಇಟ್ಟೋರು ಅವರು. ಸತ್ತಳು ಅಂದೋರು ನೀವು. ಬದುಕವಳೆ ಅಂತ ನೀವೇ ಬರೀರಿ. ಮೊದಲು ನನ್ನ ಮಕ್ಕಳಿಗೆ ಬರೀರಿ."

ಅವತ್ತಿನಿಂದ ಅವಳು ನನಗೆ ಹೊತ್ತು ಹೊತ್ತಿಗೆ ಊಟ ಹಾಕುತ್ತಾಳೆ, ಮಾತ್ರೆ ಕೊಡುತ್ತಾಳೆ. ಅತ್ತೆ ಎಂದು ಕರೆಯುವುದಿಲ್ಲ. ಕ್ಷಮಿಸು ಎಂದು ನಾನು ಕೇಳಿಲ್ಲ. ಕೇಳಿದರೆ ಅವಳು ಉತ್ತರ ಕೊಡಬೇಕಾಗುತ್ತದೆ. ಇನ್ನೂ ಒಂದು ಭಾರವನ್ನು ಅವಳ ಮೇಲೆ ಹೇರಲಾರೆ. ಆ ಸುಳ್ಳಿಲ್ಲದಿದ್ದರೆ ನೀವಿಬ್ಬರೂ ಹುಟ್ಟುತ್ತಿರಲಿಲ್ಲ ಎಂದು ನನ್ನ ಮನಸ್ಸು ಆಗಾಗ ಹೇಳುತ್ತದೆ. ಅದನ್ನು ನಾನು ಕೇಳಿಸಿಕೊಳ್ಳುವುದಿಲ್ಲ. ನಿಮ್ಮನ್ನು ಅಡ್ಡ ಹಿಡಿದು ನಾನು ತಪ್ಪಿಸಿಕೊಳ್ಳಬಾರದು.

ಈಗ ಅವಳು ಬರೆಯಲು ಹೇಳಿದ್ದನ್ನು ಬರೆಯುತ್ತೇನೆ. ಕಲ್ಯಾಣದುರ್ಗದ ಶೈಲಜಾ ಸತ್ತಿಲ್ಲ. ಅವತ್ತೂ ಸತ್ತಿರಲಿಲ್ಲ. ಅವಳು ಬದುಕಿದ್ದಾಳೆಂದು ತಿಳಿದೂ ಸತ್ತಳೆಂದು ಸುಳ್ಳು ಹೇಳಿದವಳು ಅವಳ ಸೋದರತ್ತೆ, ರತ್ನಮ್ಮ. ಇದು ನನ್ನ ಕೈಯಕ್ಷರ.

ಮಕ್ಕಳೇ, ಈ ಹಾಳೆಗಳನ್ನು ಒದ್ದೆಯಾಗದ ಕಡೆ ಇಡಿ. ಒಂದೂ ಕಳೆಯಬೇಡಿ. ಆ ವಿಡಿಯೋ ನೋಡಿ ಯಾರಾದರೂ ಅಯ್ಯೋ ಪಾಪ ಎಂದರೆ ಅವರಿಗೆ ಇದನ್ನು ಓದಿ ಹೇಳಿ. ನಾನು ಹೋದ ಮೇಲೂ ಹೇಳಿ. ಫೋನಿನಲ್ಲಿ ನನ್ನ ಜೊತೆ ಅತ್ತ ಆ ಹೆಣ್ಣುಮಗಳು ಎಲ್ಲೋ ಇರಬಹುದು. ಅವಳಿಗೆ ತಲುಪುವವರೆಗೂ ಜೋಪಾನ.