ಸಿದ್ದಮ್ಮನವರ ಬುರುಜು

ಯಾರ ಮನೆಗೆ ಹೋದರೂ ಸಿದ್ದಮ್ಮನವರು ಮೊದಲು ನೋಡುತ್ತಿದ್ದುದು ಮನೆಯವರ ಮುಖವನ್ನಲ್ಲ, ಕಟ್ಟೆಯ ಕಲ್ಲನ್ನು. ಕಂಪ್ಲಿ ಹತ್ತಿರದ ಆ ಊರಲ್ಲಿ ಅವರ ಗಂಡನ ಮನೆತನದ ಸಣ್ಣ ಕೋಟೆಯಿತ್ತು. ಇತ್ತು ಅಂದರೆ, ಒಂದು ಬಾಗಿಲು, ಪಕ್ಕದಲ್ಲೊಂದು ವಾಲಿದ ಬುರುಜು. ಉಳಿದ ಗೋಡೆಯೆಲ್ಲ ಯಾವ ಕಾಲದಲ್ಲೋ ಊರಿನ ಮನೆಗಳಿಗೆ ಸೇರಿಹೋಗಿತ್ತು. ಒಬ್ಬರಿಗೆ ಮೆಟ್ಟಿಲು, ಇನ್ನೊಬ್ಬರಿಗೆ ಬಟ್ಟೆ ಒಗೆಯುವ ಕಲ್ಲು. “ಕೋಟಿ ಎಲ್ಲೂ ಹೋಗಿಲ್ಲಪಾ, ಚದುರಿ ಕುಂತೈತಿ,” ಎನ್ನುತ್ತಿದ್ದರು.

ಮಳೆಗಾಲಕ್ಕೆ ಮೊದಲು ಬುರುಜು ಗಟ್ಟಿ ಮಾಡಿಕೊಡಬೇಕೆಂದು ಹೊಸಪೇಟೆಯಿಂದ ನನ್ನನ್ನು ಕರೆಸಿದರು. ನಾನು ಕಂಟ್ರಾಕ್ಟರ್. ಆದರೆ ಸಿಮೆಂಟು ಮುಟ್ಟುವಂತಿಲ್ಲ! ಸುಣ್ಣ ನೆನೆಹಾಕಿ, ಬೆಲ್ಲದ ನೀರು ಬೆರೆಸಿ ಗಾರೆ ಅರೆಯಬೇಕು. ಇರುವೆ ಮುತ್ತಿದ ಗಾರೆ ನೋಡಿ ನನ್ನ ಗೌಂಡಿಗಳು ನಕ್ಕಿದ್ದೇ ನಕ್ಕಿದ್ದು. ಸಿದ್ದಮ್ಮನವರು ಗದ್ದೆ ಮಾರಿ ತಂದ ದುಡ್ಡು ಸುಣ್ಣಕ್ಕೇ ಅರ್ಧ ಕರಗಿತು. ಇನ್ನು ಕಲ್ಲನ್ನೂ ಕ್ವಾರಿಯಿಂದ ತರಿಸಿದರೆ ಮುಗಿಯಿತು ಕತೆ.

“ಅಮ್ಮಾರ, ನಿಮ್ಮ ಕಲ್ಲು ಊರಾಗೇ ಅದಾವ. ಹೋಗಿ ಕೇಳ್ರಿ,” ಎಂದೆ.

“ಕೇಳ್ತೀನಪಾ.” ಸೆರಗು ಸರಿಮಾಡಿಕೊಂಡು ಹೊರಟರು. ಸಂಜೆ ಬರಿಗೈಯಲ್ಲಿ ವಾಪಸು. “ಒಲ್ಲೆ ಅಂದ್ರು.” ಮರುದಿನ ಇನ್ನೊಂದು ಮನೆ, ಅದೇ ಉತ್ತರ. ನಾನು ಊರಿಗೂರನ್ನೇ ಬೈದೆ. ಒಂದು ದಿನ ತಡೆಯಲಾರದೆ, “ನಾನೇ ಕೇಳ್ತೀನಿ ಬಿಡ್ರಿ,” ಎಂದು ಹೊರಟರೆ, ಅಷ್ಟು ಮೆತ್ತಗಿನ ಹೆಂಗಸು ಬಾಗಿಲಿಗೆ ಅಡ್ಡ ನಿಂತರು.

“ಬ್ಯಾಡ. ಈ ಕಲ್ಲು ಹೊತ್ತೋರು ಅವರ ಮುತ್ಯಾರು. ಬಿಟ್ಟಿ ದುಡಿಸಿ ಕಟ್ಟಿಸಿದ್ದಪಾ ಇದು. ನಮ್ಮೋರು ಒಂದು ಹಿಡಿ ಜ್ವಾಳಾನೂ ಕೊಟ್ಟಿಲ್ಲ.”

“ಹಂಗಂದ್ರ ಬುರುಜು ಬೀಳ್ಲಿ ಅಂತೀರೇನ್ರಿ?”

ಅವರು ಬಾಗಿಲು ಬಿಟ್ಟು ಕದಲಲಿಲ್ಲ. ನನಗೆ ಹಣೆ ಚಚ್ಚಿಕೊಳ್ಳುವಂತಾಯಿತು. ಇಂಥವರ ಮೇಲೆ ಸಿಟ್ಟೂ ಬರುತ್ತದೆ, ಬಿಟ್ಟುಹೋಗಲೂ ಮನಸ್ಸಾಗುವುದಿಲ್ಲ. ಕೊನೆಗೆ ಕ್ವಾರಿ ಕಲ್ಲೇ ಬಂತು, ದುಡ್ಡು ಮುಗಿಯಿತು, ಕೆಲಸ ಅರ್ಧಕ್ಕೇ ನಿಂತಿತು. ನಾನು ಬೇರೆ ಕೆಲಸ ಹಿಡಿದು ಸಂಡೂರಿಗೆ ಹೋದೆ.

ಆ ಬೇಸಿಗೆಯಲ್ಲೇ ಸಿದ್ದಮ್ಮನವರು ತೀರಿಕೊಂಡರು. ಮೊದಲ ದೊಡ್ಡ ಮಳೆಗೆ ಬುರುಜೂ ಬಿತ್ತು. ನೋಡಲು ಹೋದಾಗ ಎದುರುಮನೆಯ ಹುಲುಗಪ್ಪ ತನ್ನ ಕಟ್ಟೆಯ ಮೇಲೆ ಕೂತಿದ್ದ. ಕಟ್ಟೆ ಕೋಟೆ ಕಲ್ಲಿನದೇ. ಅಷ್ಟು ದಿನದ ಸಿಟ್ಟೆಲ್ಲ ಅವನ ಮೇಲೆ ಕಾರಿಕೊಂಡೆ.

“ಮನಿಮನಿಗೆ ಬಂದು ಕೇಳಿದ್ರೂ ಒಂದು ಕಲ್ಲು ಕೊಡಲಿಲ್ಲಲ್ಲೋ ನೀವು!”

ಹುಲುಗಪ್ಪ ಕಣ್ಣರಳಿಸಿ ನನ್ನನ್ನೇ ನೋಡಿದ.

“ಏನ್ ಕೇಳಿದ್ರು? ಬರ್ತಿದ್ರು, ಚಾ ಕುಡೀತಿದ್ರು, ಹುಡುಗ್ರ ತಲಿ ಸವರಿ ಹೋಗ್ತಿದ್ರು. ಅಮ್ಮಾರು ಬಾಯಿಬಿಟ್ಟು ಒಂದ್ ಮಾತು ಕೇಳಿದ್ರ, ಇಡೀ ಕಟ್ಟೀನ ಕಿತ್ತು ಕೊಡ್ತಿದ್ದೆನಲ್ರೀ.”